ಹಂಡೆಯ ನೀರು, ಮಿದುಳಿನ ಸಂಕ

ನೀರು ತುಂಬುವ ಹಬ್ಬದ ದಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ದೇವರ ಕೋಣೆಗಿಂತ ಮೊದಲು ಸಿಂಗಾರಗೊಳ್ಳುವುದು ಬಚ್ಚಲು. ವರ್ಷವಿಡೀ ಮಸಿ ಹಿಡಿದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಕಂಠಕ್ಕೆ ಹಿಂಡಲೆ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬುತ್ತಾರೆ. ಮರುದಿನ ನರಕ ಚತುರ್ದಶಿಯ ಬೆಳಗಿನ ಜಾವ ಮನೆಮಂದಿಯೆಲ್ಲ ನೆತ್ತಿಗೆ ಎಣ್ಣೆ ಹಾಕಿಸಿಕೊಂಡು ಕೂರಬೇಕು. ಆಮೇಲೆ ಸರದಿ ಪ್ರಕಾರ ಬಚ್ಚಲಿಗೆ. ತಲೆಗೆ ಸೀಗೆಪುಡಿಯೋ ಮತ್ತಿಸೊಪ್ಪಿನ ಗಂಪೋ ತಿಕ್ಕಿದ ಮೇಲೆ ತಂಬಿಗೆಯ ಮೇಲೆ ತಂಬಿಗೆ, ಉಸಿರು ತೆಗೆಯಲು ಬಿಡದಂತೆ, ಸುಡುಸುಡು ನೀರು. ಹಿಂದೆ ನಿಂತು ಹೊಯ್ಯುವವರ ಕೈ ಎಷ್ಟು ಚುರುಕೋ ಅಭ್ಯಂಜನ ಅಷ್ಟು ಚೆನ್ನ ಎಂಬುದು ಆ ಮನೆಗಳ ಲೆಕ್ಕ.

ಈ ಸೀಮೆಯಲ್ಲಿ ಬಿಸಿನೀರು ಹಬ್ಬಕ್ಕೆ ಮಾತ್ರ ಬೇಕಾದದ್ದೂ ಆಗಿರಲಿಲ್ಲ. ಶೃಂಗೇರಿಯ ಸುತ್ತ ವರ್ಷಕ್ಕೆ ಬೀಳುವ ಮಳೆ 3000 ಮಿಲಿಮೀಟರ್ ಮೀರುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಾಟಿ ಮುಗಿಸಿಯೋ ತೋಟ ಸುತ್ತಿಯೋ ಬಂದವರು ಕಂಬಳಿಕೊಪ್ಪೆಯ ನೀರು ಕೊಡವಿ, ಕಾಲಿಗೆ ಹತ್ತಿದ ಉಂಬಳ ಕಿತ್ತು ಎಸೆದು, ನೇರವಾಗಿ ಹೋಗುತ್ತಿದ್ದದ್ದು ಬಚ್ಚಲೊಲೆಯ ಹತ್ತಿರಕ್ಕೆ. ಹಂಡೆಯನ್ನು ಒಲೆಗೆ ಮಣ್ಣಿನಿಂದ ಮೆತ್ತಿ ಕೂರಿಸಿರುತ್ತಿದ್ದರು, ಅದು ಅಲ್ಲಿಂದ ಕದಲುತ್ತಿರಲಿಲ್ಲ. ಗುಡ್ಡದ ಅಬ್ಬಿಯ ನೀರು ಅಡಿಕೆಮರದ ದಬ್ಬೆಯಲ್ಲಿ ಹರಿದು ಬಂದು ಪಕ್ಕದ ಕಲ್ಲುಬಾನಿಗೆ ಬೀಳುತ್ತಿತ್ತು. ಒಲೆಗೆ ಅಡಿಕೆಸಿಪ್ಪೆ, ತೆಂಗಿನ ಮಟ್ಟೆ, ಒಣಗಿದ ಸೋಗೆ, ಯಾವುದಾದರೂ ಆದೀತು. ಮಳೆಗಾಲದಲ್ಲಿ ಬೆಂಕಿ ಆರುತ್ತಲೇ ಇರಲಿಲ್ಲ. ಕಂಬಳಿ ಒಣಗುವುದೂ ಮುದುಕರು ಮೈ ಕಾಯಿಸಿಕೊಳ್ಳುವುದೂ ಅಲ್ಲೇ.

ಬಾಣಂತಿಯ ಸ್ನಾನದ ಗತ್ತೇ ಬೇರೆ. ಅದಕ್ಕೆಂದೇ ಪಳಗಿದ ಹೆಂಗಸರು ಇರುತ್ತಿದ್ದರು. ಮೈಗೆ ಎಣ್ಣೆ ಹಾಕಿ ನೀವಿ, ಬೆನ್ನಿಗೆ, ಸೊಂಟಕ್ಕೆ, ನೆತ್ತಿಗೆ ಹೊಡೆದಂತೆ ನೀರು ಎರಚಿ, ಆಮೇಲೆ ಕಂಬಳಿ ಹೊದಿಸಿ ಬೆವರಿಸಿ ಮಲಗಿಸುವವರೆಗಿನ ಕೆಲಸ ಅವರದು. ಹಂಡೆ ಬರಿದಾದರೆ ಮತ್ತೆ ತುಂಬಿ ಕಾಯಿಸಬೇಕಿತ್ತು. ನೀರು ಸಾಕು ಎನ್ನುವ ಅಧಿಕಾರ ಸ್ನಾನ ಮಾಡುವವಳಿಗೆ ಇರುತ್ತಿರಲಿಲ್ಲ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ತಾಯಿಯ ತವರಿನಲ್ಲಿ ಹುಟ್ಟಿದ ಕುವೆಂಪು ಈ ಅಭ್ಯಂಜನದ ವೈಭವಕ್ಕೆ ಒಂದು ಪ್ರಬಂಧವನ್ನೇ ಮೀಸಲಿಟ್ಟರು. ‘ಮಲೆನಾಡಿನ ಚಿತ್ರಗಳು’ ಸಂಕಲನದ ‘ಅಜ್ಜಯ್ಯನ ಅಭ್ಯಂಜನ’ ಅದು. ಒಂದು ಸ್ನಾನ ಸಾಹಿತ್ಯದ ವಸ್ತುವಾಗಬೇಕಾದರೆ ಆ ನಾಡಿನ ಬದುಕಿನಲ್ಲಿ ಅದಕ್ಕೆ ಎಷ್ಟು ದೊಡ್ಡ ಜಾಗ ಇದ್ದಿರಬೇಕು!

ಅದೇ ಶೃಂಗೇರಿಯಲ್ಲಿ, ತುಂಗೆಯ ದಡದಲ್ಲಿ, ಇನ್ನೊಂದು ಸ್ನಾನವೂ ಶತಮಾನಗಳಿಂದ ನಡೆದು ಬಂದಿದೆ. ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತು ತುಂಗೆಯನ್ನು ಕುಡಿಯುವ ನೀರಿಗೆ ಮೀಸಲಿಟ್ಟರೂ ಹೊಳೆಗೆ ಇಳಿದು ಮುಳುಗು ಹಾಕುವವರು ಎಂದೂ ಕಡಿಮೆಯಾಗಿಲ್ಲ. ಬಾಳೆಹೊನ್ನೂರಿನಲ್ಲಿ ಭದ್ರೆಗೂ ಹಾಗೆಯೇ ಇಳಿಯುತ್ತಾರೆ. ಮಡಿಯ ಸ್ನಾನಕ್ಕೆ ಹೊಳೆಯ ತಣ್ಣೀರು, ಮೈಯ ಸುಖಕ್ಕೆ ಹಂಡೆಯ ಬಿಸಿನೀರು. ಒಂದೇ ಊರಿನ ಈ ಎರಡು ರೂಢಿಗಳ ನಡುವಿನ ವ್ಯತ್ಯಾಸ ಬರೀ ಶಾಖದ್ದಲ್ಲ. ಹೊಳೆಯಲ್ಲಿ ಇಡೀ ಮೈ ಒಟ್ಟಿಗೆ ನೀರಿಗೆ ಇಳಿಯುತ್ತದೆ, ಬಚ್ಚಲಿನಲ್ಲಿ ನೀರು ಮೊದಲು ನೆತ್ತಿಗೆ ಬೀಳುತ್ತದೆ. ವೈದ್ಯರ ಕಣ್ಣು ಮುಂದೆ ನಿಂತದ್ದು ಈ ನೆತ್ತಿಯ ಮೇಲೆಯೇ.

ನೆತ್ತಿಗೆ ಬಿಸಿನೀರು ಬೇಡ ಎಂಬ ಎಚ್ಚರಿಕೆ ಹಳೆಯದು. ವಾಗ್ಭಟನ ‘ಅಷ್ಟಾಂಗಹೃದಯ’ದ ದಿನಚರಿಯ ಅಧ್ಯಾಯ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಬಿಸಿನೀರು ಕುತ್ತಿಗೆಯ ಕೆಳಗೆ ಸುರಿದರೆ ಬಲ ಕೊಡುತ್ತದೆ, ತಲೆಗೆ ಸುರಿದರೆ ಕೂದಲು ಮತ್ತು ಕಣ್ಣಿನ ಬಲ ಕುಂದಿಸುತ್ತದೆ. ಚರಕಸಂಹಿತೆಯ ಅಪಸ್ಮಾರ ಚಿಕಿತ್ಸೆಯ ಭಾಗ ಮೂರ್ಛೆರೋಗಿಯನ್ನು ನೀರು, ಬೆಂಕಿ, ಮರ, ಬೆಟ್ಟಗಳಿಂದ ಸದಾ ಕಾಯಬೇಕು ಎನ್ನುತ್ತದೆ. ಕೊಪ್ಪದಲ್ಲೇ ಇರುವ ಎ.ಎಲ್.ಎನ್. ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜು ಸೇರಿದಂತೆ ಆಯುರ್ವೇದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಇಂದಿಗೂ ಓದುವ ಗ್ರಂಥಗಳಿವು. ಆದರೆ ಶಾಸ್ತ್ರದ ಮಾತು ಪಡಸಾಲೆಯವರೆಗೆ ಬಂದರೂ ಬಚ್ಚಲಿನ ಹೊಸ್ತಿಲು ದಾಟಲಿಲ್ಲ. ಮಳೆಯಲ್ಲಿ ನೆಂದು ಬಂದವನಿಗೆ ವಾಗ್ಭಟ ನೆನಪಾಗುವುದು ಕಷ್ಟ.

ಹೀಗೆ ತಲೆಗೆ ಸುರಿದ ನೀರಿನ ಕೆಳಗೆ ಕೆಲವರು ಕುಸಿದು ಬೀಳುತ್ತಿದ್ದರು.

ಹಳೆಯ ಮೈಸೂರು ಸೀಮೆಯಲ್ಲಿ ಇದಕ್ಕೆ ವಿವರಣೆಗಳಿಗೇನೂ ಬರವಿರಲಿಲ್ಲ. ಪಿತ್ತ ಕೆರಳಿತು, ಗಾಳಿ ಸೋಕಿತು, ಬಚ್ಚಲಿನ ಹೊಗೆ ಕಟ್ಟಿತು. ಬಿದ್ದವರ ಕೈಗೆ ಬೀಗದಕೈ ಕೊಟ್ಟು, ಮೂಗಿಗೆ ಈರುಳ್ಳಿ ಹಿಡಿದು, ಎಚ್ಚರವಾದ ಮೇಲೆ ದೇವರಿಗೆ ಹರಕೆ ಕಟ್ಟಿ ವಿಷಯ ಮುಗಿಸುತ್ತಿದ್ದರು. ಬೇರೆ ಹೊತ್ತಿನಲ್ಲಿ ಗಟ್ಟಿಮುಟ್ಟಾಗಿ ಓಡಾಡುವ ಹುಡುಗ ತಲೆಸ್ನಾನದ ದಿನ ಮಾತ್ರ ಬೀಳುತ್ತಾನೆ ಎಂದರೆ ಅದನ್ನು ಫಿಟ್ಸ್ ಎಂದು ಯಾರು ಒಪ್ಪುತ್ತಾರೆ?

ವೈದ್ಯಲೋಕದಲ್ಲಿ ಇದರ ಮೊದಲ ದಾಖಲೆ ಬಂದದ್ದು ದೂರದ ನ್ಯೂಜಿಲೆಂಡಿನಿಂದ, 1945ರಲ್ಲಿ. ಅಲ್ಲಿನ ಅಲೆನ್ ಎಂಬ ವೈದ್ಯರು ಒಬ್ಬನೇ ರೋಗಿಯ ವಿವರ ಪ್ರಕಟಿಸಿದರು. ಆಮೇಲೆ ಬೇರೆ ದೇಶಗಳಿಂದ ಅಲ್ಲೊಂದು ಇಲ್ಲೊಂದು ವರದಿ. ಬಿಡಿ ಬಿಡಿ ಕುತೂಹಲವಾಗಿದ್ದ ಈ ಕಾಯಿಲೆಗೆ ನೂರಾರು ಮುಖಗಳು ಸಿಕ್ಕಿದ್ದು ಬೆಂಗಳೂರಿನಲ್ಲಿ. 1954ರಲ್ಲಿ ಆರಂಭವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆಯ ಆವರಣದಲ್ಲಿತ್ತು. ಅವೆರಡೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದವು. ಅಲ್ಲಿದ್ದ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಬಿಸಿನೀರು ಮೂರ್ಛೆಯ ಬಗ್ಗೆ ತಮ್ಮ ಮೊದಲ ವರದಿ ಪ್ರಕಟಿಸಿದರು. 1972ರಲ್ಲಿ 60 ರೋಗಿಗಳ ವಿವರ ಬಂತು. ಅದೇ ವರ್ಷ ಡಾ. ಎಚ್.ಎಸ್. ಸುಬ್ರಹ್ಮಣ್ಯಂ ಅವರ ಬರಹವೂ ಬಂತು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನವನ್ನು ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ ಮುಂದಿಟ್ಟಾಗ ಲೋಕದ ನರತಜ್ಞರು ದಕ್ಷಿಣ ಕರ್ನಾಟಕದ ಬಚ್ಚಲಿನತ್ತ ತಿರುಗಿ ನೋಡಿದರು.

ಆ ಅಧ್ಯಯನಗಳು ಕಟ್ಟಿಕೊಟ್ಟ ಚಿತ್ರ ಹೀಗಿದೆ. ನೀರಿನ ಶಾಖ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಅದನ್ನು ಚೊಂಬಿನಿಂದಲೋ ಮಗ್ಗಿನಿಂದಲೋ ಬೇಗಬೇಗ ತಲೆಗೆ ಸುರಿದುಕೊಳ್ಳುತ್ತಿರಬೇಕು. ಕುತ್ತಿಗೆಯ ಕೆಳಗೆ ಮಾತ್ರ ನೀರು ಹಾಕಿಕೊಂಡರೆ ಬಹುತೇಕರಿಗೆ ಏನೂ ಆಗುವುದಿಲ್ಲ. ಗಂಡಸರಲ್ಲಿ ಹೆಂಗಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಆರಂಭವಾಗುವುದು ಹೆಚ್ಚಾಗಿ ಬಾಲ್ಯ ಇಲ್ಲವೇ ಹದಿಹರೆಯದಲ್ಲಿ. ಕೆಲವರಿಗೆ ಮೊದಲ ತಂಬಿಗೆಗಳಲ್ಲೇ, ಇನ್ನು ಕೆಲವರಿಗೆ ಸ್ನಾನ ಮುಗಿಯುವ ಹೊತ್ತಿಗೆ ಶುರು. ಕಣ್ಣು ನಾಟಿಕೊಳ್ಳುತ್ತದೆ, ಮಾತು ತೊದಲುತ್ತದೆ ಅಥವಾ ಅರ್ಥವಿಲ್ಲದೆ ಹರಿಯುತ್ತದೆ, ಭಯ ಆವರಿಸುತ್ತದೆ, ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ. ಕೈ ಮಾತ್ರ ಒಂದೇ ಸಮನೆ ತಂಬಿಗೆ ಅದ್ದಿ ಅದ್ದಿ ಸುರಿದುಕೊಳ್ಳುತ್ತಲೇ ಇರಬಹುದು. ಹತ್ತರಲ್ಲಿ ಒಬ್ಬರಷ್ಟು ರೋಗಿಗಳು ಇನ್ನೊಂದು ಸಂಗತಿ ಹೇಳಿದರು: ಆ ಹೊತ್ತಿನಲ್ಲಿ ವಿಚಿತ್ರ ಸುಖ, ಇನ್ನೂ ಸುರಿದುಕೊಳ್ಳಬೇಕೆಂಬ ತಡೆಯಲಾಗದ ಆಸೆ. ಎಚ್ಚರ ತಪ್ಪುವವರೆಗೂ ಅವರು ನಿಲ್ಲಿಸುತ್ತಿರಲಿಲ್ಲ.

ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳಲ್ಲಿ ಫಿಟ್ಸ್‌ಗೆ ಈ ಮಂಕು ಕವಿದ, ಆಂಶಿಕ ರೂಪ. ಉಳಿದ ಮೂರನೇ ಒಂದು ಪಾಲಿನಲ್ಲಿ ಇಡೀ ಮೈ ಸೆಟೆದು, ಕೈಕಾಲು ಬಡಿದು, ನಾಲಿಗೆ ಕಚ್ಚಿ ಬೀಳುವ ದೊಡ್ಡ ಮೂರ್ಛೆ. ನೀರು ಅದೇ, ಬಚ್ಚಲು ಅದೇ. ಒಬ್ಬನು ಕುಳಿತಲ್ಲೇ ಗೊಣಗುತ್ತಾನೆ, ಇನ್ನೊಬ್ಬನು ಕಲ್ಲುಹಾಸಿನ ಮೇಲೆ ಒದ್ದಾಡುತ್ತಾನೆ. ಈ ವ್ಯತ್ಯಾಸ ಅರ್ಥವಾಗಬೇಕಾದರೆ ಮಿದುಳಿನ ಎಡ ಬಲ ಹೋಳುಗಳ ನಡುವಿನ ಸಂಬಂಧಕ್ಕೆ ಹೋಗಬೇಕು.

ಮಲೆನಾಡಿನ ಹಳ್ಳದ ಎರಡು ದಡಗಳಿಗೆ ಹೇಗೆ ಒಂದು ಸಂಕವೋ, ಹಾಗೆ ಮಿದುಳಿನ ಎರಡು ಅರ್ಧಗೋಳಗಳ ನಡುವೆ ಕಾರ್ಪಸ್ ಕಲೋಸಮ್. ಸುಮಾರು 20 ಕೋಟಿ ನರತಂತುಗಳು ಒತ್ತೊತ್ತಾಗಿ ಕೂಡಿದ ಬಿಳಿಯ ಪಟ್ಟಿ ಅದು. ಬಲಗೈಯನ್ನು ಆಡಿಸುವುದು ಎಡ ಅರ್ಧಗೋಳ, ಎಡಗೈಯನ್ನು ಬಲ ಅರ್ಧಗೋಳ. ನೋಟದ ಎಡಭಾಗಕ್ಕೆ ಬಿದ್ದದ್ದು ಬಲಕ್ಕೆ, ಬಲಭಾಗಕ್ಕೆ ಬಿದ್ದದ್ದು ಎಡಕ್ಕೆ ತಲುಪುತ್ತದೆ. ಮಾತಿನ ಯಜಮಾನಿಕೆ ಹೆಚ್ಚಿನವರಲ್ಲಿ ಎಡದ್ದು. ಹೀಗೆ ಹಂಚಿಹೋದ ಕೆಲಸ ಒಬ್ಬನೇ ಮನುಷ್ಯನ ಕೆಲಸದಂತೆ ಕಾಣುವುದು ಆಚೆ ಈಚೆ ಸುದ್ದಿ ಎಡೆಬಿಡದೆ ದಾಟುತ್ತಿರುವುದರಿಂದ. ಫಿಟ್ಸ್ ಎಂದರೆ ನರಕೋಶಗಳ ಒಂದು ಗುಂಪು ಅಳತೆ ಮೀರಿ, ಒಟ್ಟೊಟ್ಟಿಗೆ ವಿದ್ಯುತ್ ಹೊಮ್ಮಿಸುವುದು. ಅದು ಒಂದು ಮಗ್ಗುಲಿನ ಸಣ್ಣ ಜಾಗದಲ್ಲಿ ಹುಟ್ಟಿ ಅಲ್ಲೇ ಸುತ್ತಾಡಿದರೆ ಆಂಶಿಕ ರೂಪ. ಎರಡೂ ಅರ್ಧಗೋಳಗಳಿಗೆ ಹಬ್ಬಿದರೆ ಇಡೀ ಮೈಯ ಸೆಳೆತ. ಆಚೆಗೆ ಹೋಗಲು ಬೇರೆ ಒಳದಾರಿಗಳೂ ಇವೆ, ಆದರೆ ಹೆದ್ದಾರಿ ಕಾರ್ಪಸ್ ಕಲೋಸಮ್ಮೇ. ಬಿಸಿನೀರು ಸುರಿಯುತ್ತಲೇ ಮಿದುಳಿನ ವಿದ್ಯುತ್ ದಾಖಲಿಸುವ ಇಇಜಿ ತೆಗೆದ ಕೆಲವು ರೋಗಿಗಳಲ್ಲಿ ಮೊದಲ ಏರುಪೇರು ಕಂಡದ್ದು ಒಂದು ಮಗ್ಗುಲಿನ, ಕಿವಿಯ ಮೇಲ್ಗಡೆಯ ಟೆಂಪೊರಲ್ ಭಾಗದಲ್ಲಿ.

ವಿಚಿತ್ರವೆಂದರೆ ಇಷ್ಟು ದಪ್ಪನೆಯ ಪಟ್ಟಿ ಯಾವುದಕ್ಕಿದೆ ಎಂಬುದೇ 20ನೆಯ ಶತಮಾನದ ಮಧ್ಯದವರೆಗೆ ಸ್ಪಷ್ಟವಿರಲಿಲ್ಲ. ಫಿಟ್ಸನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದೇ ಇದರ ಏಕೈಕ ಉದ್ಯೋಗವಿರಬೇಕು ಎಂದು ನರವಿಜ್ಞಾನಿ ವಾರೆನ್ ಮೆಕ್ಕಲಕ್ ನಗೆಯಾಡಿದ್ದುಂಟು. ಎರಡು ಹೋಳುಗಳು ಜೋತುಬೀಳದಂತೆ ಹಿಡಿದಿಡುವುದಕ್ಕೆ ಇರಬಹುದು ಎಂದು ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತಮಾಷೆ ಮಾಡಿದರು. ಈ ತಮಾಷೆಗೆ ಕಾರಣವಿತ್ತು. ಅಮೆರಿಕದ ರಾಚೆಸ್ಟರ್ ನಗರದ ಶಸ್ತ್ರವೈದ್ಯ ವಿಲಿಯಂ ವ್ಯಾನ್ ವ್ಯಾಗೆನನ್ ಈ ಪಟ್ಟಿಯಲ್ಲಿ ಗಡ್ಡೆ ಬೆಳೆದ ರೋಗಿಗಳಿಗೆ ಫಿಟ್ಸ್ ತಗ್ಗುವುದನ್ನು ಗಮನಿಸಿ, ಬೇರಾವುದಕ್ಕೂ ಬಗ್ಗದ ಮೂರ್ಛೆರೋಗಿಗಳಲ್ಲಿ ಇದನ್ನೇ ಕತ್ತರಿಸಿ ನೋಡಿದರು. 1940ರಲ್ಲಿ 10 ಮಂದಿಯ ವರದಿ ಬಂತು. ಮನೋವೈದ್ಯ ಆಂಡ್ರ್ಯೂ ಅಕಲೈಟಿಸ್ ಅವರನ್ನೆಲ್ಲ ಪರೀಕ್ಷಿಸಿ, ನಡೆ ನುಡಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ ಎಂದರು. 20 ಕೋಟಿ ತಂತು ಕಡಿದರೂ ಮನುಷ್ಯ ಮೊದಲಿನಂತೆಯೇ ಎದ್ದು ಓಡಾಡುತ್ತಾನೆ!

ತಪ್ಪಿದ್ದು ಪ್ರಶ್ನೆ ಕೇಳುವ ರೀತಿಯಲ್ಲಿ. 1950ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳಾದ ರೋಜರ್ ಸ್ಪೆರಿ ಮತ್ತು ರೊನಾಲ್ಡ್ ಮೈಯರ್ಸ್ ಬೆಕ್ಕುಗಳ ಈ ಪಟ್ಟಿಯನ್ನೂ ಕಣ್ಣಿನ ನರಗಳು ಅಡ್ಡಹಾಯುವ ಜಾಗವನ್ನೂ ಕತ್ತರಿಸಿ, ಒಂದು ಕಣ್ಣು ಮುಚ್ಚಿ ಪಾಠ ಕಲಿಸಿದರು. ತೆರೆದ ಕಣ್ಣಿನಿಂದ ಕಲಿತದ್ದು ಇನ್ನೊಂದು ಕಣ್ಣಿಗೆ ಗೊತ್ತೇ ಇರಲಿಲ್ಲ. ಎರಡು ಅರ್ಧಗೋಳಗಳೂ ಬೇರೆ ಬೇರೆಯಾಗಿ ಕಲಿಯುತ್ತಿದ್ದವು. ಮನುಷ್ಯರಲ್ಲಿ ಇದನ್ನು ನೋಡುವ ಅವಕಾಶ ಬಂದದ್ದು 1962ರಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಶಸ್ತ್ರವೈದ್ಯರಾದ ಫಿಲಿಪ್ ವೋಗೆಲ್ ಮತ್ತು ಜೋಸೆಫ್ ಬೋಗನ್, ಎರಡನೇ ಮಹಾಯುದ್ಧದಲ್ಲಿ ತಲೆಗೆ ಪೆಟ್ಟು ತಿಂದು ಫಿಟ್ಸ್‌ನಿಂದ ನರಳುತ್ತಿದ್ದ ಮಾಜಿ ಸೈನಿಕನೊಬ್ಬನ ಕಾರ್ಪಸ್ ಕಲೋಸಮ್ ಕತ್ತರಿಸಿದರು. ವೈದ್ಯಸಾಹಿತ್ಯದಲ್ಲಿ ಅವನ ಹೆಸರು ಡಬ್ಲ್ಯು.ಜೆ. ಎಂಬ ಎರಡು ಅಕ್ಷರ ಮಾತ್ರ.

ಸ್ಪೆರಿಯ ಶಿಷ್ಯ ಮೈಕೆಲ್ ಗಝಾನಿಗ ಅವನನ್ನು ಪರದೆಯ ಮುಂದೆ ಕೂರಿಸಿ, ನಟ್ಟನಡುವಿನ ಚುಕ್ಕೆಯನ್ನೇ ನೋಡು ಎಂದು ಹೇಳಿ, ಎಡಗಡೆಗೆ ಒಮ್ಮೆ, ಬಲಗಡೆಗೆ ಒಮ್ಮೆ, ಕಣ್ಣು ಹೊರಳಿಸಲು ಸಮಯ ಸಿಗದಷ್ಟು ಬೇಗ ಚಿತ್ರ ಮಿಂಚಿಸಿದರು. ಬಲಗಡೆಯ ಚಿತ್ರವನ್ನು ಅವನು ಥಟ್ಟನೆ ಹೆಸರಿಸಿದ. ಎಡಗಡೆಯದನ್ನು ಕೇಳಿದರೆ ಏನೂ ಕಾಣಲಿಲ್ಲ ಎಂದ. ಆದರೆ ಇಂಥ ರೋಗಿಗಳ ಎಡಗೈ, ಬಾಯಿ ಕಾಣಲಿಲ್ಲ ಎಂದ ವಸ್ತುವನ್ನೇ ಪರದೆಯ ಹಿಂದೆ ತಡಕಿ ಸರಿಯಾಗಿ ಎತ್ತಿಕೊಡುತ್ತಿತ್ತು. ಕಂಡದ್ದು ಬಲ ಅರ್ಧಗೋಳಕ್ಕೆ, ಮಾತಾಡಬೇಕಾದದ್ದು ಎಡ ಅರ್ಧಗೋಳ. ನಡುವಿನ ಸಂಪರ್ಕ ಕಡಿದಿತ್ತು. ಒಬ್ಬ ರೋಗಿ ಒಂದು ಕೈಯಲ್ಲಿ ಪ್ಯಾಂಟು ಮೇಲೆಳೆಯುತ್ತಿದ್ದರೆ ಇನ್ನೊಂದು ಕೈ ಕೆಳಗೆಳೆಯುತ್ತಿತ್ತು ಎಂಬುದೂ ದಾಖಲೆಯಾಗಿದೆ. ಈ ಸಾಲಿನ ಸಂಶೋಧನೆಗೆ ಸ್ಪೆರಿ 1981ರಲ್ಲಿ ನೊಬೆಲ್ ಹಂಚಿಕೊಂಡರು.

ಇನ್ನೊಂದು ಪ್ರಯೋಗ ಇದಕ್ಕಿಂತ ಕಚಗುಳಿಯದು. 1970ರ ದಶಕದಲ್ಲಿ ಗಝಾನಿಗ ಮತ್ತು ಜೋಸೆಫ್ ಲೆಡೂ, ಇದೇ ಪಟ್ಟಿ ಕತ್ತರಿಸಿದ್ದ ಪಿ.ಎಸ್. ಎಂಬ ಹುಡುಗನ ಎಡ ಅರ್ಧಗೋಳಕ್ಕೆ ಕೋಳಿಕಾಲಿನ ಚಿತ್ರ, ಬಲ ಅರ್ಧಗೋಳಕ್ಕೆ ಹಿಮ ಮುಚ್ಚಿದ ಮನೆಯ ಚಿತ್ರ ತೋರಿಸಿದರು. ಅದಕ್ಕೆ ಹೊಂದುವ ಚಿತ್ರ ಆರಿಸು ಎಂದಾಗ ಬಲಗೈ ಕೋಳಿಯನ್ನೂ ಎಡಗೈ ಹಿಮ ಎತ್ತುವ ಸಲಿಕೆಯನ್ನೂ ಮುಟ್ಟಿತು. ಸಲಿಕೆ ಏಕೆ ಎಂದು ಕೇಳಿದರೆ ಹಿಮದ ಸುದ್ದಿಯೇ ತಿಳಿಯದ ಎಡ ಅರ್ಧಗೋಳ ತಡವರಿಸಲಿಲ್ಲ, ಕೋಳಿಗೂಡು ಬಾಚಲು ಸಲಿಕೆ ಬೇಕಲ್ಲ ಎಂದಿತು. ಗೊತ್ತಿಲ್ಲದ್ದಕ್ಕೂ ಸ್ಥಳದಲ್ಲೇ ಕಾರಣ ಕಟ್ಟುವುದು ಮಾತಿನ ಅರ್ಧಗೋಳದ ಹಳೆಯ ಚಾಳಿ ಎಂದು ಗಝಾನಿಗ ವಿವರಿಸಿದರು.

ಇಷ್ಟನ್ನು ಇಟ್ಟುಕೊಂಡು ‘ಎಡಮಿದುಳಿನವರು ಲೆಕ್ಕದವರು, ಬಲಮಿದುಳಿನವರು ಕಲಾವಿದರು’ ಎಂದು ಜನರನ್ನು ಎರಡು ಪಂಗಡ ಮಾಡುವ ಪುಸ್ತಕಗಳು ಬಂದವು, ವ್ಯಕ್ತಿತ್ವ ವಿಕಸನದ ಶಿಬಿರಗಳು ಅದನ್ನು ಊರೂರಿಗೆ ಹಂಚಿದವು. ಪಟ್ಟಿ ಕತ್ತರಿಸದ ಮಿದುಳಿಗೆ ಆ ವಿಂಗಡಣೆ ಹೊಂದುವುದಿಲ್ಲ. ಕತ್ತರಿಸಿದವರಲ್ಲೂ ದಿನನಿತ್ಯದ ಬದುಕಿನಲ್ಲಿ ಇಬ್ಬರು ಮನುಷ್ಯರೇನೂ ಕಾಣಿಸಿಕೊಳ್ಳುವುದಿಲ್ಲ. ಕಣ್ಣು, ತಲೆ ತಿರುಗಿಸಿ ಎರಡೂ ಅರ್ಧಗೋಳಗಳು ಒಂದನ್ನೇ ನೋಡುತ್ತವೆ. 2017ರಲ್ಲಿ ಸಂಶೋಧಕ ಯಾಯಿರ್ ಪಿಂಟೊ ಅವರ ತಂಡ ಇಂಥ ಇಬ್ಬರನ್ನು ಮತ್ತೆ ಪರೀಕ್ಷಿಸಿ, ನೋಟದ ಮಾಹಿತಿ ಒಡೆದಿದ್ದರೂ ಅರಿವು ಒಂದಾಗಿಯೇ ಇದೆ ಎಂದು ವಾದಿಸಿತು. ಆ ಜಗಳ ಇನ್ನೂ ಮುಗಿದಿಲ್ಲ.

ಇಂಥ ಶಸ್ತ್ರಕ್ರಿಯೆಗೆ ಬೇಕಾದ ನರಶಸ್ತ್ರಚಿಕಿತ್ಸೆಯ ವಿಭಾಗ ಭಾರತದಲ್ಲಿ ಮೊದಲು ತೆರೆದದ್ದು ವೆಲ್ಲೂರಿನಲ್ಲಿ, 1949ರಲ್ಲಿ. ಮಾಂಟ್ರಿಯಲ್‌ನಲ್ಲಿ ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಹತ್ತಿರ ಪಳಗಿ ಬಂದ ಜೇಕಬ್ ಚಾಂಡಿ ಅದರ ಸ್ಥಾಪಕರು. ಬೆಂಗಳೂರಿನಲ್ಲಿ ಡಾ. ಆರ್.ಎಂ. ವರ್ಮ ಅದಕ್ಕೆ ತಳಹದಿ ಹಾಕಿದರು. ಈಗ ಕಾರ್ಪಸ್ ಕಲೋಸಮ್ ಕತ್ತರಿಸುವ ಚಿಕಿತ್ಸೆಯನ್ನು ಮುಖ್ಯವಾಗಿ, ನಿಂತಲ್ಲೇ ಕಡಿದಂತೆ ಬಿದ್ದು ಪದೇಪದೇ ತಲೆ ಒಡೆದುಕೊಳ್ಳುವ ಮಕ್ಕಳಿಗೆ, ಔಷಧ ಯಾವುದೂ ನಾಟದಿದ್ದಾಗ ಮಾಡುತ್ತಾರೆ. ಅನೇಕ ಸಲ ಮುಂಭಾಗದ ಮೂರನೇ ಎರಡರಷ್ಟನ್ನು ಮಾತ್ರ ಕತ್ತರಿಸಿ ಹಿಂಭಾಗವನ್ನು ಉಳಿಸುತ್ತಾರೆ, ನೋಟದ ಸುದ್ದಿಯಾದರೂ ದಾಟಲಿ ಎಂದು. ಫಿಟ್ಸ್ ಹುಟ್ಟುವುದು ಇದರಿಂದ ನಿಲ್ಲುವುದಿಲ್ಲ. ಆಚೆಗೆ ಹಬ್ಬುವುದು ತಗ್ಗುತ್ತದೆ, ಬೀಳುವುದು ಕಡಿಮೆಯಾಗುತ್ತದೆ.

ಬಿಸಿನೀರು ಮೂರ್ಛೆಗೆ ಇಂಥ ಕತ್ತಿಯ ಪ್ರಮೇಯವೇ ಬರುವುದಿಲ್ಲ. ಹೊರಗಿನ ಕಾರಣ ಗೊತ್ತು, ಅದು ಕೈಯಳತೆಯಲ್ಲೇ ಇದೆ. ಹಾಗಾದರೆ ಬಿಸಿನೀರು ಬಿಟ್ಟರೆ ಸಾಕಲ್ಲವೇ? ಹೆಚ್ಚಿನವರಿಗೆ ಸಾಕು. ಆದರೆ ಒಂದಷ್ಟು ಮಂದಿಗೆ ಒಂದೆರಡು ವರ್ಷಗಳಲ್ಲಿ ಸ್ನಾನಕ್ಕೂ ಬಿಸಿನೀರಿಗೂ ಸಂಬಂಧವಿಲ್ಲದೆ ಫಿಟ್ಸ್ ಬರತೊಡಗುತ್ತದೆ ಎಂಬುದನ್ನು ಬೆಂಗಳೂರಿನ ವೈದ್ಯರು ಗಮನಿಸಿದ್ದರು. ನಿಮ್ಹಾನ್ಸ್‌ನ ಪ್ರಯೋಗಾಲಯದಲ್ಲಿ ಇಲಿಗಳ ತಲೆಗೆ ಬಿಸಿನೀರು ಸುರಿದು ಮಾಡಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಮತ್ತೆ ಮತ್ತೆ ಸುರಿದಂತೆ ಇಲಿಗಳಲ್ಲಿ ಫಿಟ್ಸ್ ಬೇಗ ಬರತೊಡಗಿತು, ಹೆಚ್ಚು ಹೊತ್ತು ಇರತೊಡಗಿತು. ಪ್ರತಿ ಫಿಟ್ಸೂ ಮುಂದಿನದಕ್ಕೆ ದಾರಿ ಸವೆಸುತ್ತಿತ್ತು. ಇದಕ್ಕೂ ಹಿಂದೆಯೇ, 1950ರ ದಶಕದ ಕೊನೆಯ ಹೊತ್ತಿಗೆ, ಅಮೆರಿಕದ ನರವಿಜ್ಞಾನಿ ಫ್ರಾಂಕ್ ಮೊರೆಲ್ ಪ್ರಾಣಿಗಳಲ್ಲಿ ಇನ್ನೊಂದನ್ನು ಕಂಡಿದ್ದರು. ಒಂದು ಅರ್ಧಗೋಳದಲ್ಲಿ ಫಿಟ್ಸ್ ಹುಟ್ಟುವ ಕೇಂದ್ರವೊಂದು ಬಹುಕಾಲ ಉಳಿದರೆ, ಆಚೆಯ ಅರ್ಧಗೋಳದ ಅದೇ ಜಾಗದಲ್ಲಿ ಎರಡನೆಯ ಕೇಂದ್ರ ಮೂಡುತ್ತದೆ. ನಡುವಿನ ಪಟ್ಟಿಯನ್ನು ಮೊದಲೇ ಕತ್ತರಿಸಿದ್ದರೆ ಅದು ಮೂಡುವುದಿಲ್ಲ. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬ ಚರ್ಚೆ ಉಳಿದುಕೊಂಡಿದೆ. ಹಾಗಿದ್ದರೂ ಫಿಟ್ಸನ್ನು ‘ಸ್ನಾನದ ದಿನ ಮಾತ್ರ ತಾನೆ’ ಎಂದು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನಲು ಇಲಿಗಳ ಸಾಕ್ಷ್ಯವೇ ಸಾಕು.

ನೆತ್ತಿಯ ಮೇಲೆ ಬಿಸಿನೀರು ಬಿದ್ದವರೆಲ್ಲ ಬೀಳುವುದಿಲ್ಲವಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದವರಿಗೆ ಎರಡು ದಾರಿ ಕಂಡಿತು. ಒಂದು, ದೇಹದ ಶಾಖ ಕಾಯುವ ಹೈಪೊಥಲಾಮಸ್ ಕಡೆಗೆ. 2001ರಲ್ಲಿ ಪ್ರಕಟವಾದ ಸ್ಪೆಕ್ಟ್ ಎಂಬ ಮಿದುಳಿನ ಸ್ಕ್ಯಾನ್ ಅಧ್ಯಯನ, ಫಿಟ್ಸ್ ಹೊತ್ತಿನಲ್ಲಿ ಟೆಂಪೊರಲ್ ಭಾಗದ ಒಳಮೈ ಮತ್ತು ಹೈಪೊಥಲಾಮಸ್ ಚುರುಕಾಗುವುದನ್ನು ತೋರಿಸಿತು. ಇನ್ನೊಂದು ದಾರಿ ವಂಶದ್ದು. ಅಣ್ಣ ತಮ್ಮಂದಿರು, ಅಪ್ಪ ಮಗ ಹೀಗೆ ಒಂದೇ ಮನೆಯ ಹಲವರಿಗೆ ಇದು ಇರುವುದು ಆಸ್ಪತ್ರೆಯ ಕಡತಗಳಲ್ಲಿ ಮೊದಲಿನಿಂದಲೂ ಕಂಡಿತ್ತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ತಂಡ ನಿಮ್ಹಾನ್ಸ್ ಜೊತೆ ಸೇರಿ ಅಂಥ ಕುಟುಂಬಗಳನ್ನು ಪರಿಶೀಲಿಸಿ, 2009ರಲ್ಲಿ 10ನೆಯ ಮತ್ತು 4ನೆಯ ವರ್ಣತಂತುಗಳ ಮೇಲೆ ಈ ಕಾಯಿಲೆಗೆ ನಂಟಿರುವ ಒಂದೊಂದು ಜಾಗವನ್ನು ಗುರುತಿಸಿತು.

ಬಚ್ಚಲಿನ ರೂಢಿಯ ಪಾಲೂ ಇದರಲ್ಲಿದೆ. ಜಪಾನಿನಲ್ಲಿ ಬಿಸಿನೀರ ತೊಟ್ಟಿಯೊಳಗೆ ಇಳಿದು ಕೂರುತ್ತಾರೆ. ಅಲ್ಲಿ ಈ ಕಾಯಿಲೆ ವರದಿಯಾದದ್ದು ಹೆಚ್ಚಾಗಿ ತೊಟ್ಟಿಗೆ ಇಳಿಸಿದ ಕೂಸುಗಳಲ್ಲಿ. ಟರ್ಕಿಯಲ್ಲಿ ನಮ್ಮಂತೆಯೇ ಬೋಗುಣಿಯಲ್ಲಿ ಮೊಗೆದು ತಲೆಗೆ ಸುರಿದುಕೊಳ್ಳುವ ಪದ್ಧತಿ ಇದೆ. ದಕ್ಷಿಣ ಭಾರತ ಬಿಟ್ಟರೆ ಹೆಚ್ಚು ರೋಗಿಗಳ ವರದಿ ಬಂದ ದೇಶಗಳಲ್ಲಿ ಅದೂ ಒಂದು. ಕರ್ನಾಟಕದಲ್ಲಿ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮಾತ್ರ ತಲೆಸ್ನಾನ ಮಾಡುವುದರಿಂದ, ಆ ಒಂದು ದಿನ ನೀರು ಹೆಚ್ಚು, ಶಾಖ ಹೆಚ್ಚು, ಹೊತ್ತೂ ಹೆಚ್ಚು.

ಡಾ. ಮಣಿ ಸರ್ಕಾರಿ ಕೆಲಸದ ನಂತರವೂ ಮೂರ್ಛೆರೋಗವನ್ನು ಬಿಡಲಿಲ್ಲ. ಈಗಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಹಳ್ಳಿಯ ಜನರ ನಡುವೆಯೇ ರೋಗಿಗಳನ್ನು ಗುರುತಿಸಿ, ಫಿನೊಬಾರ್ಬಿಟೋನ್, ಫಿನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ಫಿಟ್ಸ್ ಹತೋಟಿಗೆ ತರಬಹುದು ಎಂದು ಅವರ ತಂಡ ತೋರಿಸಿತು. ಆ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಬಿಸಿನೀರು ಮೂರ್ಛೆಗೆ ಇಷ್ಟೂ ಬೇಡ ಎಂಬುದು ಆಮೇಲಿನ ಅನುಭವ. ನೀರಿನ ಶಾಖ ತಗ್ಗಿಸಿ ಉಗುರುಬೆಚ್ಚಗೆ ಮಾಡಿಕೊಂಡರೆ ಎಷ್ಟೋ ಮಂದಿಗೆ ಮಾತ್ರೆಯೇ ಬೇಡ. ಅದು ಸಾಲದವರಿಗೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆಯನ್ನು ವೈದ್ಯರು ಸೂಚಿಸುತ್ತಾರೆ. ಬೇರೆ ಹೊತ್ತಿನಲ್ಲೂ ಫಿಟ್ಸ್ ಬರುವವರಿಗೆ ಮಾತ್ರ ದಿನವೂ ಔಷಧ.

ಈಗ ಕೊಪ್ಪ, ಶೃಂಗೇರಿಯ ಹೊಸ ಮನೆಗಳಲ್ಲಿ ಹಂಡೆಯ ಜಾಗಕ್ಕೆ ಗೀಸರ್ ಬಂದಿದೆ, ಮಾಡಿನ ಮೇಲೆ ಸೋಲಾರ್ ಕೂತಿದೆ. ತೋಟದ ಮನೆಗಳಲ್ಲಿ ಅಡಿಕೆಸಿಪ್ಪೆ ಉರಿಸುವ ಬಚ್ಚಲೊಲೆಯೂ ಉಳಿದಿದೆ. ಎರಡರಲ್ಲೂ ನೀರು ತಲೆಗೆ ಬೇಕಾದ್ದಕ್ಕಿಂತ ಬಿಸಿಯಾಗಿ ಹೊರಬರುವುದು ಸುಲಭ. ಮನೆಯಲ್ಲಿ ಒಬ್ಬರಿಗೆ ಸ್ನಾನದ ಹೊತ್ತಿನಲ್ಲಿ ಮಂಕು ಕವಿದದ್ದು ಒಮ್ಮೆಯಾದರೂ ಕಂಡಿದ್ದರೆ, ಮುಂದಿನ ನೀರು ತುಂಬುವ ಹಬ್ಬದಲ್ಲಿ ಬೆರಕೆಯ ತಣ್ಣೀರನ್ನು ಇನ್ನೊಂದು ಕೊಡ ಜಾಸ್ತಿ ಇಟ್ಟುಕೊಳ್ಳುವುದು, ನೀರು ಹೊಯ್ಯುವ ಕೈ ನಿಧಾನಿಸುವುದು, ಬಚ್ಚಲಿನ ಚಿಲಕ ಹಾಕದಿರುವುದು, ಆಮೇಲೆ ನರರೋಗ ತಜ್ಞರನ್ನು ಕಾಣುವುದು, ಇಷ್ಟು ಆಗಬೇಕಾದ ಕೆಲಸ.